ಬಾದಾಮಿ ಬೀಜದಷ್ಟು ಅಂಜಿಕೆ

ದೀಪಾ ಹಗ್ಗಕ್ಕೆ ಉಣ್ಣೆ ಸುತ್ತುತ್ತಿದ್ದಳು. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಹಗ್ಗದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು, ಒಂದು ಸುತ್ತಿನ ಮಗ್ಗುಲಲ್ಲಿ ಇನ್ನೊಂದು ಸುತ್ತು ಕೂರಿಸುತ್ತ, ನಡುವೆ ಎಲ್ಲಿಯೂ ಹಗ್ಗದ ನೀಲಿ ಕಾಣದ ಹಾಗೆ. ಪ್ಲಾಸ್ಟಿಕ್ ಹಗ್ಗ ಅದು, ಎತ್ತು ಎಮ್ಮೆಗೆ ಕಟ್ಟುವಂಥದ್ದು. ಅಣ್ಣ ಸುನೀಲ ನಿನ್ನೆ ಮೂಡಲಗಿಯಿಂದ ತಂದಿದ್ದ. ತಂದವನು ಯಾರ ಕೈಗೂ ಕೊಡದೆ ಗೂಟಕ್ಕೆ ತೂಗುಹಾಕಿ ಹೋಗಿದ್ದ. ಬೆಳಿಗ್ಗೆ ಅವ್ವ ಶೆಟ್ಟೆವ್ವ ಅದನ್ನು ಇಳಿಸಿಕೊಂಡು ತನ್ನ ಮುಂಗೈಗೆ ಉಜ್ಜಿ ನೋಡಿದಳು. ಆಮೇಲೆ ಹಳೆಯ ಕಂಬಳಿಯಿಂದ ಬಿಚ್ಚಿದ ಉಣ್ಣೆಯ ಉಂಡೆಯನ್ನೂ ಹಗ್ಗವನ್ನೂ ಮಗಳ ಮುಂದಿಟ್ಟು ಒಲೆಯ ಕಡೆ ಹೋದಳು. ಹಗ್ಗ ಅಪ್ಪನ ಕಾಲಿಗೆ. ಅಪ್ಪನ ಕಾಲು ತರಚಬಾರದು. ಅದರಲ್ಲಿ ಹೇಳಿ ತಿಳಿಸುವುದು ಏನೂ ಇರಲಿಲ್ಲ.

ಅಪ್ಪ ಅಂಗಳದಲ್ಲಿ, ಕುರಿದೊಡ್ಡಿಯ ಮುಳ್ಳುಬೇಲಿಗೆ ಮುಖ ಮಾಡಿ ಕೂತಿದ್ದ. ಮಾಳಪ್ಪನ ಬೆನ್ನು ಇನ್ನೂ ಅಗಲವಾಗಿಯೇ ಇತ್ತು. ಹಿಂದಿನಿಂದ ನೋಡಿದರೆ ಏನೂ ಆಗಿಲ್ಲ ಅನಿಸುತ್ತಿತ್ತು. ಮಡಿಲ ಮೇಲೆ ಮಲಗಿದ ಬಲಗೈಯ ಅಂಗೈಯಲ್ಲಿ ಮಾತ್ರ ಸುಟ್ಟ ಗಾಯಗಳು. ಒಂದು ಒಣಗಿ ಕಪ್ಪಾದದ್ದು, ಒಂದು ಸಿಪ್ಪೆ ಬಿಡುತ್ತಿರುವುದು, ಒಂದು ನಿನ್ನೆ ಸಂಜೆಯದು. ರೊಟ್ಟಿ ಬೇಯುವ ಹಂಚನ್ನು ಅವನು ಬರಿಗೈಯಲ್ಲಿ ಸರಿಸುತ್ತಾನೆ. ಸುಡುವುದು ಅವನಿಗೆ ಗೊತ್ತಾಗುತ್ತದೆ. "ಸುಡತೈತಿ" ಅನ್ನುತ್ತಾನೆ, ಬೇರೆ ಯಾರದೋ ಕೈಯ ಸುದ್ದಿ ಹೇಳಿದ ಹಾಗೆ. ಮಾರನೆಯ ದಿನ ಅದೇ ಹಂಚಿಗೆ ಅದೇ ಕೈ ಹೋಗುತ್ತದೆ. ಅಷ್ಟರಲ್ಲಿ ದೀಪಾ ತನ್ನ ಕೈ ಅಡ್ಡ ತರಬೇಕು. ಎಷ್ಟೋ ಸಲ ತಂದಿದ್ದಾಳೆ, ನಿನ್ನೆ ತರಲಿಲ್ಲ. ನಿನ್ನೆ ಅವಳು ಗೂಟದ ಕಡೆ ನೋಡುತ್ತ ಕೂತಿದ್ದಳು.

ಯುಗಾದಿಗೆ ಮುಂಚೆ ಒಂಬತ್ತು ದಿನ ಬಂದ ಜ್ವರ ಅದು. ತಲೆಗೇರಿದ ಜ್ವರ. ಗೋಕಾಕಿನ ದವಾಖಾನೆಯಲ್ಲಿ ಮೈ ಸೆಟೆದು, ಹಲ್ಲು ಕಚ್ಚಿ, ಕಡೆಗೆ ಕಣ್ಣು ಬಿಟ್ಟಾಗ ಅಪ್ಪ ಮೊದಲು ಕೇಳಿದ್ದು ಕಂದು ಕಿವಿಯ ಕುರಿ ಈದಿತೇ ಎಂದು. ಅವ್ವ ಅತ್ತು ನಕ್ಕಿದ್ದಳು. ಎಲ್ಲರ ಹೆಸರೂ ನೆನಪಿತ್ತು, ಎಲ್ಲ ಕುರಿಗಳ ಗುರುತೂ ನೆನಪಿತ್ತು. ಏನು ಹೋಗಿದೆ ಎಂದು ಮನೆಗೆ ಬಂದ ಮೇಲೆ ಒಂದೊಂದಾಗಿ ಕಂಡಿತು. ಬಣವೆಯಿಂದ ಹೊರಟ ಹಾವಿನ ಬಾಲಕ್ಕೆ ಕೈ ಹಾಕಿದ. ಕಬ್ಬಿನ ಟ್ರ್ಯಾಕ್ಟರ್ ಹಾರ್ನ್ ಹೊಡೆಯುತ್ತ ಬಂದರೂ ನಡುರಸ್ತೆಯಲ್ಲಿ ನಿಂತು ಅದರ ಮುಖ ನೋಡಿದ. ಡ್ರೈವರ್ ಇಳಿದು ಬೈದ. ಅಪ್ಪ ಬೈಗುಳ ಪೂರ್ತಿ ಕೇಳಿಸಿಕೊಂಡು, "ನೀ ಹೇಳೂದು ಖರೆ ಐತಿ" ಅಂದ.

ಮತ್ತೆ ಗೋಕಾಕಿಗೆ ಹೋದರು. ಡಾಕ್ಟರು ಹುಕ್ಕೇರಿ ಕಡೆಯ ಹೆಣ್ಣುಮಗಳು, ಯಶೋಧರಾ ಎಂದು ಹೆಸರು; ಅಪ್ಪನನ್ನು ಕಾಕಾ ಎಂದು ಕರೆಯುತ್ತಿದ್ದರು. ಅವರು ಮೇಜಿನ ಮೇಲಿದ್ದ ನೀಲಿ ಫೈಲನ್ನು ಮೇಲೆತ್ತಿದರು; ಹಿಂದೆ ನಿಂತಿದ್ದ ನರ್ಸು ಸ್ಟೀಲಿನ ತಾಟನ್ನು ಚಮಚದಿಂದ ಫಟ್ಟನೆ ಬಡಿದಳು. ಹಸಿರು ಫೈಲೆತ್ತಿದಾಗ ಸದ್ದಿಲ್ಲ. ನೀಲಿ, ಮತ್ತೆ ಫಟ್. ಹಸಿರು, ಏನಿಲ್ಲ. ನಾಲ್ಕನೆಯ ಸಲ ನೀಲಿ ಫೈಲು ಮೇಲೇಳುವಾಗಲೇ, ಸದ್ದು ಬರುವ ಮುಂಚೆಯೇ, ಬಾಜೂ ಕೂತಿದ್ದ ದೀಪಾಳ ಭುಜಗಳು ಕಿವಿಯವರೆಗೆ ಎದ್ದವು. ಸದ್ದು ಬರಲೇ ಇಲ್ಲ. ಡಾಕ್ಟರು ಅವಳನ್ನು ನೋಡಿ ನಕ್ಕರು. "ನೋಡ್ರಿ, ನಿಮ್ಮ ಮಗಳ ಮೈ ಕಲತಬಿಟ್ಟೈತಿ," ಅಂದರು. "ಕಾಕಾ, ನೀಲಿ ಎತ್ತಿದ್ರ ಏನಾಗತೈತ್ರಿ?" ಅಪ್ಪ ತಟ್ಟನೆ ಹೇಳಿದ: "ನರ್ಸ ಬಾಯಾರು ತಾಟ ಬಡೀತಾರ್ರಿ." ಎಲ್ಲ ಗೊತ್ತಿತ್ತು ಅವನಿಗೆ. ಮತ್ತೆ ನೀಲಿ ಎತ್ತಿದರು, ಮತ್ತೆ ತಾಟು ಬಡಿಯಿತು. ಅಪ್ಪನ ರೆಪ್ಪೆ ಸಹ ಮುಂಚಿತವಾಗಿ ಅಲ್ಲಾಡಲಿಲ್ಲ. ಎರಡೂ ಕಿವಿಯ ಒಳಗಡೆ, ಮಿದುಳಿನಲ್ಲಿ, ಬಾದಾಮಿ ಬೀಜದಷ್ಟು ಎರಡು ಗಂಟುಗಳಿರುತ್ತವಂತೆ. ಎಲ್ಲಿ ಪೆಟ್ಟು ಬಿತ್ತು, ಎಲ್ಲಿ ಸುಟ್ಟಿತು ಎಂದು ಗುರುತು ಹಾಕಿಟ್ಟು, ಮುಂದಿನ ಸಲ ನಾವು ಯೋಚಿಸುವ ಮುಂಚೆಯೇ ನಮ್ಮನ್ನು ಹಿಂದಕ್ಕೆಳೆಯುವುದು ಅವುಗಳ ಕೆಲಸವಂತೆ. ಜ್ವರ ಅವನ್ನೇ ತಿಂದಿದೆ. "ಇನ್ನ ಅವರ ಪಾಲಿನ ಅಂಜಿಕಿ ನೀವ ಅಂಜಬೇಕ್ರಿ," ಎಂದು ಡಾಕ್ಟರು ಸುನೀಲನಿಗೆ ಹೇಳಿದರು. ಹೇಳಿದ್ದು ಸುನೀಲನಿಗೆ. ಆದರೆ ಆ ಮಾತನ್ನು ಎತ್ತಿಕೊಂಡು ಮನೆಗೆ ಬಂದವಳು ದೀಪಾ.

ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ನೀಲಿ ಸೆರಗು ಸರಿಪಡಿಸಿಕೊಂಡರೂ ದೀಪಾಳ ಭುಜ ಏಳುತ್ತಿತ್ತು. ತನ್ನ ತಲೆಯಲ್ಲಿ ಆ ಬೀಜಗಳು ಬಾದಾಮಿಯಷ್ಟಲ್ಲ, ಮಾವಿನ ಓಟೆಯಷ್ಟು ಬೆಳೆದಿರಬೇಕು ಎಂದುಕೊಂಡಿದ್ದಳು. ಕಿತ್ತು ಅರ್ಧ ಅಪ್ಪನಿಗೆ ಕೊಡಲು ಬರುವಂತಿದ್ದರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತು. ಡಾಕ್ಟರನ್ನು ಕೇಳಬೇಕೆಂದಿದ್ದಳು, ಬಾಯಿ ಬರಲಿಲ್ಲ. ಅವಳ ಬಾಯಿ ಎಂಟನೆಯ ತರಗತಿಯಲ್ಲೇ ನಿಂತುಹೋಗಿತ್ತು. ನಾಗನೂರಿನ ಸಾಲೆಯಲ್ಲಿ ಒಂದು ದಿನ ಮಾಸ್ತರರು ಅವಳನ್ನು ಎಬ್ಬಿಸಿ ಪಾಠ ಓದು ಎಂದರು. ಅಕ್ಷರಗಳು ಕಾಣುತ್ತಿದ್ದವು, ಗಂಟಲು ತೆರೆಯಲಿಲ್ಲ. ಮಾಸ್ತರರು ಡಸ್ಟರಿನಿಂದ ಮೇಜು ಕುಟ್ಟಿದರು. "ಏನವಾ, ಕುರಿ ಕಾಯ್ದು ಕಾಯ್ದು ಮಾತ ಮರತೇನ? ಬ್ಯಾ ಅನ್ನು, ಅದರ ಬರತೈತಿಲ್ಲ?" ಇಡೀ ತರಗತಿ ಬ್ಯಾ ಎಂದಿತು. ಹಿಂದಿನ ಬೆಂಚಿನವರು ಗಂಟೆ ಹೊಡೆಯುವವರೆಗೂ ಬ್ಯಾ ಎನ್ನುತ್ತಿದ್ದರು. ಆಮೇಲೆ ಸಾಲೆಯ ಗೇಟು ಕಂಡರೆ ಹೊಟ್ಟೆಯೊಳಗೆ ಏನೋ ಮುರಿಯುತ್ತಿತ್ತು. ಆಮೇಲೆ ಗೇಟಿಗೆ ಹೋಗುವ ತಿರುವು ಕಂಡರೆ. ಆಮೇಲೆ ಬೆಳಿಗ್ಗೆ ಪಾಟೀಚೀಲ ಕಂಡರೆ. ಒಂದು ದಿನ ಚೀಲ ಒಳಗಿಟ್ಟು ಅಪ್ಪನ ಹಿಂದೆ ಕುರಿಗಳ ಸಂಗಡ ಹೊರಟಳು. ಅಪ್ಪ ತಿರುಗಿ ನೋಡಿ ಮುಂದೆ ನಡೆದ. ವಾರದ ಮೇಲೆ ಮಾಸ್ತರರೇ ಹೊಲದವರೆಗೆ ಬಂದರು. ಅವಳು ಅಪ್ಪನ ಕಂಬಳಿಯ ಹಿಂದೆ ನಿಂತಿದ್ದಳು. "ಅಂಜಿದ ಮರೀನ ಎಳದ್ರ ಅದು ಕಾಲ ಊರತೈತ್ರಿ ಮಾಸ್ತರ. ತಾನಾಗಿ ಬಂದ್ರ ಬರ್ಲಿ, ಇಲ್ಲಾಂದ್ರ ನನ್ನ ಹಿಂದ ಇರ್ಲಿ," ಅಂದ ಅಪ್ಪ. ಅವಳು ತಾನಾಗಿ ಹೋಗಲಿಲ್ಲ. ಅಪ್ಪ ಒಂದು ಸಲವಾದರೂ ಎಳೆದಿದ್ದರೆ ಚೆನ್ನಾಗಿತ್ತು ಎಂದು ಈಗೀಗ ಅನಿಸುತ್ತದೆ. ಆದರೆ ಅವತ್ತು ಆ ಕಂಬಳಿಯ ವಾಸನೆಯಲ್ಲಿ ಅವಳಿಗೆ ಉಸಿರು ತಿರುಗಿ ಬಂದಿತ್ತು.

ಗಂಟೆಯ ಉಪಾಯ ಅವಳದೇ. ಹಿಂಡಿನಲ್ಲಿ ಅಪ್ಪ ಗಂಟೆ ಕಟ್ಟುತ್ತಿದ್ದದ್ದು ಮುಂದಾಳು ಕುರಿಗಲ್ಲ. ಯಾವುದಕ್ಕೆ ಅಂಜಿಕೆ ಕಡಿಮೆಯೋ, ಯಾವುದು ಹಿಂಡು ಬಿಟ್ಟು ಬಾವಿಯ ಕಡೆ, ರಸ್ತೆಯ ಕಡೆ ತಾನೇ ಹೋಗುವುದೋ ಅದಕ್ಕೆ. ಉಳಿದವನ್ನು ಅವುಗಳ ಅಂಜಿಕೆಯೇ ಕಾಯುತ್ತದೆ ಅನ್ನುತ್ತಿದ್ದ. ಡಾಕ್ಟರ ಹತ್ತಿರ ಹೋಗಿಬಂದ ಮಾರನೆಯ ದಿನ ದೀಪಾ ಹಿತ್ತಾಳೆಯ ಗಂಟೆಯೊಂದಕ್ಕೆ ಹೊಸ ದಾರ ಪೋಣಿಸಿ ಅಪ್ಪನ ಮುಂದೆ ನಿಂತಳು. ಅಪ್ಪ ಗಂಟೆಯನ್ನು ನೋಡಿದ, ಅವಳನ್ನು ನೋಡಿದ, ತಲೆ ಬಗ್ಗಿಸಿದ. ಕೊರಳಿಗೆ ಬೇಡವೆಂದು ಅವಳು ಅದನ್ನು ಸೊಂಟದ ಉಡುದಾರಕ್ಕೆ ಕಟ್ಟಿದಳು. ಅಪ್ಪ ನಡೆದರೆ ಟಣ್ ಟಣ್, ಕೂತರೆ ಇಲ್ಲ. ಸದ್ದು ಅಂಗಳ ದಾಟಿದರೆ ಅವಳು ಹಿಟ್ಟಿನ ಕೈಯಲ್ಲೇ ಓಡುತ್ತಿದ್ದಳು. ಆ ಮನೆಯಲ್ಲಿ ಅವಳ ಮಾತೊಂದು ನಡೆದದ್ದು ಅದೇ ಮೊದಲು. "ದೀಪಾಗ ಇಷ್ಟ ತಲಿ ಐತಿ ಅಂತ ಗೊತ್ತ ಇರಲಿಲ್ಲ ನೋಡ," ಎಂದು ಸುನೀಲ ಹೆಂಡತಿಗೆ ಹೇಳಿದ್ದನ್ನು ಅವಳು ಗೋಡೆಯ ಈಚೆಯಿಂದ ಕೇಳಿಸಿಕೊಂಡಿದ್ದಳು. ಊರವರು ನಕ್ಕರು. "ಮಾಳಪ್ಪಾ, ಇವತ್ತ ಎಲ್ಲಿ ಮೇಯಾಕ ಹೊಂಟಿ?" ಎಂದು ಕಟ್ಟೆಯ ಮೇಲಿನವರು ಕೂಗುತ್ತಿದ್ದರು. "ನಿಮ್ಮ ಹಿತ್ತಲದಾಗ ಹುಲ್ಲ ಛಲೋ ಐತಂತಲ್ಲೋ, ಅಲ್ಲಿಗೇ," ಅನ್ನುತ್ತಿದ್ದ ಅಪ್ಪ, ಅವರಿಗಿಂತ ಜೋರಾಗಿ ನಗುತ್ತ. ಅವನಿಗೆ ನಾಚಿಕೆಯೂ ಹೋಗಿತ್ತು. ನಾಚಿಕೆಯನ್ನೂ ದೀಪಾಳೇ ಪಡಬೇಕಾಗಿತ್ತು.

ನಾಲ್ಕು ತಿಂಗಳು ಆ ಗಂಟೆ ಅವಳ ಕಿವಿಯಲ್ಲೇ ಇತ್ತು. ಆಮೇಲೆ ದಡ್ಡಿ ಊರಿನಿಂದ ಅವಳನ್ನು ನೋಡಲು ಜನ ಬಂದರು. ಹುಡುಗ ಹಿಡಕಲ್ಲಿನಲ್ಲಿ ನೀರಾವರಿಯವರ ಹತ್ತಿರ ಕೆಲಸಕ್ಕಿದ್ದ. ಅಣ್ಣನ ಹೆಂಡತಿ ವಿಜಯಶ್ರೀ ವೈನಿ ತನ್ನ ಸೀರೆಗಳಲ್ಲಿ ಒಳ್ಳೆಯದನ್ನು ಅವಳಿಗೆ ಉಡಿಸುತ್ತ, ನೆರಿಗೆ ಹಿಡಿದ ಕೈ ನಿಲ್ಲಿಸಿ ಅಂಗಳದ ಕಡೆ ಒಮ್ಮೆ ನೋಡಿದಳು. ಅಲ್ಲಿ ಟಣ್ ಟಣ್ ಎಂದು ಅಪ್ಪ ಅಡ್ಡಾಡುತ್ತಿದ್ದ. ವೈನಿ ಏನೂ ಅನ್ನಲಿಲ್ಲ. ಅಂದಿದ್ದರೆ ಈಗ ಅವಳ ಮೇಲೆ ಹಾಕಬಹುದಿತ್ತು. ದೀಪಾ ತಾನೇ ಹೋಗಿ ಉಡುದಾರದ ಗಂಟು ಬಿಚ್ಚಿದಳು. ಬೆರಳು ಗಡಿಬಿಡಿಯಲ್ಲಿದ್ದವು. "ಯಾಕವಾ?" ಅಂದ ಅಪ್ಪ. ಅವಳು ಗಂಟೆ ಕಳಚಿಕೊಂಡಳು. "ಹಗುರ ಆತು ನೋಡ," ಅಂದ. ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ, ಜೋಳದ ಹಿಟ್ಟಿನ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಹುಗಿದಿಟ್ಟಳು. ಒಂದು ತಾಸಿನ ಮಾತು ಎಂದುಕೊಂಡಿದ್ದಳು.

ಬಂದವರ ಮುಂದೆ ಶಿರಾ, ಚಹಾದ ಕಪ್ಪು ಇಟ್ಟು ಚಾಪೆಯ ಅಂಚಿನಲ್ಲಿ ಕೂತಾಗ ಅವಳಿಗೆ ಏನೋ ಹೊಸದೆನಿಸಿತು. ಏನೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸದ್ದಿರಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಸಲ ಕಿವಿ ಖಾಲಿಯಾಗಿತ್ತು. ಹುಡುಗನ ಅವ್ವ ಎಷ್ಟು ಕಲಿತಿದ್ದೀ ಎಂದು ಕೇಳಿದಳು. ಎಂಟು ಎಂದಳು, ಗಂಟಲು ಕಟ್ಟದೆ. ಹುಡುಗ ತಲೆ ಎತ್ತಿ ನೋಡಿದ. ನೆಮ್ಮದಿ ಅಂದರೆ ಇದಿರಬೇಕು ಎಂದುಕೊಂಡಳು. ಆ ಒಂದು ಯೋಚನೆಯನ್ನು ಈಗ ಎಲ್ಲಿ ಇಡಬೇಕೋ ಅವಳಿಗೆ ಗೊತ್ತಿಲ್ಲ. ಅವಳು ಹಾಗೆ ಅಂದುಕೊಂಡ ಹೊತ್ತಿಗೆ ಅಪ್ಪ ದೊಡ್ಡಿಯ ಬೇಲಿ ಸರಿಸಿ, ಹಿಂಡು ಹೊಡೆದುಕೊಂಡು ಕಾಲುವೆಯ ದಾರಿಯಲ್ಲಿ ಅರ್ಧ ದೂರ ಹೋಗಿದ್ದ.

ಹಿಡಕಲ್ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಕಾಲುವೆ ದಂಡೆಗೆ ದಂಡೆ ತುಂಬಿ ಕೆಂಪಗೆ ಓಡುತ್ತಿತ್ತು. ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಮಾಯವ್ವ ಕಣ್ಣಾರೆ ನೋಡಿದವಳು. ಕುರಿಗಳು ದಂಡೆಯ ಮೇಲೆ ಗಪ್ಪನೆ ನಿಂತುಬಿಟ್ಟವಂತೆ. ಅಪ್ಪ ಮೆಟ್ಟಿಲಿಳಿದು ಎದೆಮಟ್ಟದ ನೀರಿನಲ್ಲಿ ನಿಂತು, ತಿರುಗಿ, ಯಾವಾಗಲೂ ಕೂಗುವ ಹಾಗೆಯೇ ಕೂಗಿದನಂತೆ. "ಒಂದೂ ಮುಂದ ಬರವಲ್ಲು ಯವ್ವಾ. ಇವನ ಮಾರಿ ನೋಡ್ತಾವು, ನೀರ ನೋಡ್ತಾವು, ಮತ್ತ ಇವನ ಮಾರಿ ನೋಡ್ತಾವು," ಎಂದು ಮಾಯವ್ವ ಮನೆಯ ಮುಂದೆ ನಿಂತು ಎಲ್ಲರಿಗೂ ಹೇಳಿದಳು. "ಇವನ ಮಾರ್ಯಾಗ ಅಂಜಿಕಿ ಏನೂ ಇಲ್ಲ. ಆಮ್ಯಾಲ ಕಂದು ಕಿವೀದು ಇಳೀತು ನೋಡ. ಅದರ ಹಿಂದ ಎಲ್ಲಾ." ಹನ್ನೊಂದು ಕುರಿ ಸತ್ತು ಕೆಳಗಿನ ತೂಬಿನ ಜಾಲರಿಗೆ ಸಿಕ್ಕಿಕೊಂಡಿದ್ದವು. ಅಪ್ಪನನ್ನು ಪಕ್ಕದ ಹೊಲದವರು ಎಳೆದು ಮೇಲೆ ಹಾಕಿದರು. ಮೈಯೆಲ್ಲ ತೊಯ್ದು ನಿಂತು, "ನೀರ ಜೋರ ಇತ್ತು," ಅಂದ. ಮಾರನೆಯ ಬೆಳಿಗ್ಗೆ, "ಕುರಿ ಬಿಡ್ಲ್ಯಾ?" ಎಂದು ಕೇಳಿದ.

ದಡ್ಡಿಯವರು ಚಹಾ ಅರ್ಧಕ್ಕೆ ಬಿಟ್ಟು ಎದ್ದಿದ್ದರು. ಆಮೇಲೆ ಸುದ್ದಿಯಿಲ್ಲ. ಅದಕ್ಕೆ ದೀಪಾ ಅಳಲಿಲ್ಲ. ಅವಳನ್ನು ತಿಂದದ್ದು ಅವತ್ತು ಸಂಜೆ ಸುನೀಲ ಕೇಳಿದ ಒಂದು ಪ್ರಶ್ನೆ. "ಗಂಟಿ ಎಲ್ಲಿ ಒಗದಿ ಅಪ್ಪಾ?" ಅಪ್ಪ ಒಲೆಯ ಬಾಜೂ ಕೂತು ಮೈ ಕಾಯಿಸಿಕೊಳ್ಳುತ್ತಿದ್ದ. ದೀಪಾ ಬಾಗಿಲ ಹತ್ತಿರ ನಿಂತಿದ್ದಳು. ಅಪ್ಪ ಅವಳ ಕಡೆ ನೋಡಿದ. ಅವನು ಮರೆಯುವ ಮನುಷ್ಯನಲ್ಲ. ಜ್ವರ ಮರೆವನ್ನು ಕೊಟ್ಟಿರಲಿಲ್ಲ. "ಗೊತ್ತಿಲ್ಲ," ಅಂದ. ಸುನೀಲ ತಲೆ ಮೇಲೆ ಕೈ ಹೊತ್ತು ಕೂತ. "ಹರಕೊಂಡ ಹೋಗ್ಯಾನ. ಗಂಟೀನೂ ಕೆಲಸಕ್ಕ ಬರಲಿಲ್ಲ." ಅವಳು ಆಗಲೇ ಹೇಳಬೇಕಿತ್ತು. ಬಾಯಿ ತೆರೆದಳು ಕೂಡ. ಗಂಟಲಲ್ಲಿ ಅದೇ ಡಸ್ಟರಿನ ಸದ್ದು. ನಾಳೆ ಹೇಳೋಣ ಎಂದುಕೊಂಡಳು. ನಾಳೆ ಇನ್ನೂ ಕಷ್ಟವಾಯಿತು. ಹದಿನೆಂಟು ದಿನಗಳಲ್ಲಿ ಹಿಟ್ಟಿನ ಡಬ್ಬಿಯ ಹತ್ತಿರ ಹೋದರೂ ಹೊಟ್ಟೆ ಮುರಿಯತೊಡಗಿತು. ವೈನಿ ಹಿಟ್ಟು ತೆಗೆಯಲು ಹೋದಾಗಲೆಲ್ಲ, ನಾನೇ ತೆಗೆಯುತ್ತೇನೆಂದು ಮುಂದೆ ಓಡಿ, ಕೈ ಆಳಕ್ಕೆ ಇಳಿಯದ ಹಾಗೆ ಮೇಲಿಂದಲೇ ತೋಡಿ ಕೊಡುತ್ತಿದ್ದಳು.

ಮೊನ್ನೆ ಅಪ್ಪನನ್ನು ಕಟ್ಟಿಹಾಕುವ ಮಾತು ವೈನಿಯೇ ತೆಗೆದಳು. ಮೂರು ವರ್ಷದ ಮಗಳು ಸುಮನ ಯಾವಾಗಲೂ ಅಜ್ಜನ ಹೆಗಲ ಮೇಲೆ. "ನಾಳಿ ಇದನ್ನ ಹೊತಗೊಂಡು ಇಳದ್ರ ಏನ್ ಮಾಡೂದ್ರಿ? ಕುರಿ ಆದ್ರ ಕುರಿ ಅಂದ್ವಿ," ಎಂದು ಗಂಡನ ಮುಂದೆ ಅತ್ತಳು. ಅದು ಕೆಟ್ಟತನದ ಮಾತಲ್ಲ, ತಾಯಿಯ ಮಾತು. ಅದಕ್ಕೆ ಎದುರು ಹೇಳಲು ದೀಪಾಳ ಹತ್ತಿರ ಒಂದೇ ಒಂದು ಮಾತಿತ್ತು, ಗಂಟೆ ಕೆಲಸಕ್ಕೆ ಬಂದಿತ್ತು ಎಂಬುದು. ಅದನ್ನು ಅವಳು ಹಿಟ್ಟಿನೊಳಗೆ ಹುಗಿದಿಟ್ಟಿದ್ದಳು.

ಸುತ್ತು ಮುಗಿಯಿತು. ಹಗ್ಗ ಈಗ ಕರಿ ಉಣ್ಣೆಯದಾಗಿ ಕಾಣುತ್ತಿತ್ತು, ಮೆತ್ತಗೆ. ಅಂಗಳದಿಂದ ಅಪ್ಪ ನೋಡುತ್ತಿದ್ದ. "ಬಿಗಿ ಸುತ್ತೀಯಿಲ್ಲ? ಸಡ್ಲಾದ್ರ ಉಣ್ಣಿ ಜಾರತೈತಿ," ಅಂದ. ಹಗ್ಗ ಯಾರಿಗೆಂದು ಅವನಿಗೆ ಗೊತ್ತಿತ್ತು. ನಿನ್ನೆ ಎಲ್ಲರೂ ಅವನ ಮುಂದೆಯೇ ಮಾತಾಡಿದ್ದರು. ಅವಳಿಗೆ ಆರು ವರ್ಷವಿದ್ದಾಗ ಇದೇ ಮನುಷ್ಯ ತುಂಬಿದ ಕಾಲುವೆಯ ದಂಡೆಗೆ ಅವಳನ್ನು ಕರೆದುಕೊಂಡು ಹೋಗಿ, ಮಣಿಕಟ್ಟು ಹಿಡಿದು, ನೀರಿನ ಮೇಲೆ ಬಗ್ಗಿಸಿದ್ದ. "ಹೊಟ್ಟ್ಯಾಗ ಏನರ ಆಗತೈತೇನ?" ಆಗುತ್ತದೆ ಎಂದು ಅವಳು ಅತ್ತಿದ್ದಳು. "ಹಾಂ. ಅದ ನಿನ್ನ ಕಾಯತೈತಿ. ನಾ ಇರ್ಲಿ, ಇಲ್ಲದಿರ್ಲಿ." ಆ ಕೈಯ ಬಿಗಿ ಇನ್ನೂ ಮಣಿಕಟ್ಟಿನಲ್ಲಿದೆ. ಕಾದದ್ದು ನಿಜ, ಇಪ್ಪತ್ತಮೂರು ವರ್ಷವಾಯಿತು, ಅವಳು ಯಾವ ನೀರಿಗೂ ಬಿದ್ದಿಲ್ಲ. ಯಾವ ಗೇಟನ್ನೂ ದಾಟಿಲ್ಲ.

ಮಧ್ಯಾಹ್ನ ಸುನೀಲ ಉಳಿದ ಕುರಿಗಳನ್ನು ದೊಡ್ಡಿಗೆ ಕೂಡಿ ಬಂದ. ಕೈಕಾಲು ತೊಳೆದ. ಹಗ್ಗ ಕೈಗೆ ತೆಗೆದುಕೊಂಡು ಅದರ ಉಣ್ಣೆಯ ಮೇಲೆ ಬೆರಳಾಡಿಸಿದ, ತಂಗಿಯನ್ನು ನೋಡಲಿಲ್ಲ. "ಅಪ್ಪಾ, ಒಳಗ ಬಾ." ಅಪ್ಪ ಬಂದು ಕಂಬಕ್ಕೆ ಒರಗಿ ಕೂತು, ತಾನಾಗಿಯೇ ಎಡಗಾಲು ಮುಂದೆ ಚಾಚಿದ. ಸುನೀಲ ಬಗ್ಗಿ ಗಂಟು ಹಾಕತೊಡಗಿದ.

"ಎರಡ ಬೆರಳ ಸಡ್ಲ ಬಿಡೋ," ಅಂದ ಅಪ್ಪ. "ಬಿಗಿ ಕಟ್ಟಿದ್ರ ಕಾಲ ಬಾವ ಬರತೈತಿ ಅಂತ ನಿನಗ ಎಷ್ಟ ಸಲ ಹೇಳೇನಿ? ಗಂಟು ಹೊರಗಿನ ಬಾಜೂ ಬರ್ಲಿ. ಹಾಂ, ಹಂಗ."

ಸುನೀಲ ಹಗ್ಗದ ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಿದ. ಆಮೇಲೆ ಊಟಕ್ಕೆ ಕೂತ. ಅವ್ವ ಎಲ್ಲರಿಗೂ ರೊಟ್ಟಿ ಹಾಕಿದಳು, ಅಪ್ಪನ ತಾಟನ್ನು ಹಗ್ಗ ನಿಲುಕುವಷ್ಟು ಹತ್ತಿರಕ್ಕೆ ಸರಿಸಿದಳು. ಸುಮನ ಹಗ್ಗದ ಮೇಲೆ ಕಾಲಿಟ್ಟು, "ಅಜ್ಜಗ ಹಗ್ಗ," ಎಂದಿತು. ವೈನಿ ಅದನ್ನು ಸೆಳೆದು ಮಡಿಲಲ್ಲಿ ಕೂರಿಸಿಕೊಂಡಳು. ಅಪ್ಪ ರೊಟ್ಟಿ ಮುರಿದ. ಕಾಲನ್ನು ಒಂದು ಸಲವೂ ಎಳೆದು ನೋಡಲಿಲ್ಲ. ಯಾವ ಕುರಿಯೂ ಮೊದಲ ದಿನ ಎಳೆಯದೆ ಇರುವುದಿಲ್ಲ.

ದೀಪಾ ಎದ್ದಳು. ಅಡಿಗೆಮನೆಯ ಮೂಲೆಯವರೆಗೆ ಐದು ಹೆಜ್ಜೆ. ಹೊಟ್ಟೆಯಲ್ಲಿ ಅದು ಶುರುವಾಯಿತು, ಗೇಟಿನದು, ತಿರುವಿನದು, ಚೀಲದ್ದು. ಭುಜ ಕಿವಿಗೆ ಏರಿತು. ಡಬ್ಬಿಯ ಮುಚ್ಚಳ ತೆಗೆದು ಮೊಣಕೈವರೆಗೆ ಕೈ ಇಳಿಸಿದಳು. ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚುತ್ತ ಪಡಸಾಲೆಗೆ ಬರುವಷ್ಟರಲ್ಲಿ ಗಂಟೆ ಒಮ್ಮೆ ಟಣ್ ಎಂದಿತು. ಹಿಟ್ಟು ಮೆತ್ತಿದ್ದರಿಂದ ಮಂಕಾಗಿ.

ಎಲ್ಲರ ಕೈ ನಿಂತಿತು. ಅಪ್ಪ ಮೊದಲು ಗಂಟೆಯನ್ನು, ಆಮೇಲೆ ಅವಳನ್ನು ನೋಡಿದ. "ಯಾಕ ತಗದಿವಾ ಅದನ್ನ," ಅಂದ, ಮೆಲ್ಲಗೆ. "ಅಲ್ಲೇ ಇರ್ಲಿ ಅಂತ ಬಿಡಬೇಕಿಲ್ಲೇನ."

ಅವನಿಗೆ ಗೊತ್ತಿತ್ತು. ಹದಿನೆಂಟು ದಿನ ಗೊತ್ತಿತ್ತು. ಮತ್ತೆ ಕಂಬಳಿಯ ಹಿಂದೆಯೇ ನಿಲ್ಲಿಸಿಕೊಂಡಿದ್ದ ಅವಳನ್ನು.

"ಅಪ್ಪ ಹರಕೊಂಡಿಲ್ಲ," ಅಂದಳು ದೀಪಾ. ಧ್ವನಿ ತನ್ನದೆನಿಸಲಿಲ್ಲ. "ಅವತ್ತ ನಾನ ಬಿಚ್ಚಿದ್ದೆ. ಅವರು ಬರತಾರಂತ. ನನಗ ನಾಚಿಕಿ ಆಗಿತ್ತು. ಗಂಟಿ ಇದ್ದಿದ್ರ ನಾ ಓಡಿ ಹೋಗಿರತಿದ್ದೆ. ಇನ್ನ ಮುಂದ ಬಿಚ್ಚೂದಿಲ್ಲ. ಅಣ್ಣಾ, ಅಪ್ಪನ ಹಗ್ಗ ಬಿಚ್ಚು."

ಸುನೀಲ ತಾಟಿನಲ್ಲಿದ್ದ ತುತ್ತನ್ನೇ ನೋಡುತ್ತಿದ್ದ. ವೈನಿ ಮಗಳನ್ನು ಇನ್ನಷ್ಟು ಎದೆಗೆ ಒತ್ತಿಕೊಂಡಳು. ಅವ್ವ ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ಕೂತಿದ್ದಳು. ಹಿಂದಿನಂತೆ ಯಾರೂ ಬ್ಯಾ ಎನ್ನಲಿಲ್ಲ, ಯಾರೂ ಮೇಜು ಕುಟ್ಟಲಿಲ್ಲ. ಅಪ್ಪ ಒಬ್ಬನೇ, ಅಂಗೈಯ ಗಾಯಕ್ಕೆ ಖಾರ ತಾಗುತ್ತಿದ್ದರೂ, ರೊಟ್ಟಿಯನ್ನು ಪಲ್ಲೆಯಲ್ಲಿ ಅದ್ದಿ ತಿನ್ನುತ್ತಿದ್ದ. ಹೊರಗೆ ದೊಡ್ಡಿಯಲ್ಲಿ ಒಂದು ಕುರಿ ಕೆಮ್ಮಿತು.

"ಅಣ್ಣಾ," ಅಂದಳು ಮತ್ತೊಮ್ಮೆ, "ಅಪ್ಪನ ಹಗ್ಗ ಬಿಚ್ಚು."